82 ಪಂದ್ಯಗಳ ದುಡಿಮೆ 7 ಪಂದ್ಯಗಳಲ್ಲಿ ಕರಗುವುದು ನ್ಯಾಯವೇ? ಸ್ಟ್ಯಾನ್ಲಿ ಕಪ್ ಪ್ಲೇಆಫ್ ಬಗ್ಗೆ ಒಂದು ಪ್ರಶ್ನೆ

ನೀಲಿಗೆರೆ (ಸರಸ್ವತಿಪುರಂ, ಮೈಸೂರು):

ದಸರೆಯ ಗದ್ದಲ ಮುಗಿದು ಊರು ಉಸಿರು ಬಿಡುತ್ತಿರುವ ಈ ಹೊತ್ತಿಗೆ ಸರಿಯಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿ ಎನ್‌ಎಚ್‌ಎಲ್ ಐಸ್ ಹಾಕಿಯ 2025-26ರ ಋತು ಆರಂಭವಾಗಿದೆ. ಪ್ಲೇಆಫ್, ಅಂದರೆ ಲೀಗ್ ಹಂತದ ಬಳಿಕ ಸ್ಟ್ಯಾನ್ಲಿ ಕಪ್‌ಗಾಗಿ ನಡೆಯುವ ನಾಲ್ಕು ಸುತ್ತಿನ ಪಂದ್ಯಗಳಿಗಾಗಿ ನಸುಕಿನ ನಾಲ್ಕೂವರೆಗೇ ಏಳುವವರು ಈ ಬಳಗದಲ್ಲಿ ನಾಲ್ಕಾರು ಮಂದಿಯಾದರೂ ಇದ್ದೀರೆಂದು ಬಲ್ಲೆ. ಆ ಧೈರ್ಯದಿಂದ, ಜೂನ್‌ನಲ್ಲಿ ಫೈನಲ್ ಮುಗಿದಂದಿನಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ತಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 82 ಪಂದ್ಯಗಳನ್ನಾಡಿ ಪಟ್ಟಿಯ ತುದಿಗೇರಿದ ತಂಡಕ್ಕೆ ಈ ಪ್ಲೇಆಫ್ ವ್ಯವಸ್ಥೆ ಸಲ್ಲಬೇಕಾದ ಬೆಲೆಯನ್ನು ಸಲ್ಲಿಸುತ್ತಿದೆಯೇ? ಪ್ಲೇಆಫ್‌ನ ಪ್ರತಿ ಸುತ್ತೂ ಏಳು ಪಂದ್ಯಗಳವರೆಗಿನ ಒಂದು ಸರಣಿ, ಮೊದಲು ನಾಲ್ಕು ಗೆದ್ದವರು ಮುಂದೆ ಹೋಗುತ್ತಾರೆ. ಲೀಗ್ ಹಂತದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ತಂಡಕ್ಕೆ 1985-86ರಿಂದ ಪ್ರೆಸಿಡೆಂಟ್ಸ್ ಟ್ರೋಫಿ ನೀಡುತ್ತಾ ಬಂದಿದ್ದಾರೆ. ಆ ಟ್ರೋಫಿಯ ಜೊತೆಗೇ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದ ಕೊನೆಯ ತಂಡ 2013ರ ಶಿಕಾಗೊ ಬ್ಲ್ಯಾಕ್‌ಹಾಕ್ಸ್. ಅದೂ ಆಟಗಾರರ ಒಪ್ಪಂದದ ತಕರಾರಿನಿಂದಾಗಿ 48 ಪಂದ್ಯಗಳಿಗೆ ಮೊಟಕಾದ ಋತು. ಆ ಬಳಿಕ ಏನೇನಾಗಿದೆ ನೋಡಿ. 2019ರಲ್ಲಿ 62 ಪಂದ್ಯ ಗೆದ್ದಿದ್ದ ಟ್ಯಾಂಪಾ ಬೇ ಲೈಟ್ನಿಂಗ್ ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು ಒಂದೂ ಪಂದ್ಯ ಗೆಲ್ಲದೆ 0-4ರಿಂದ ಮನೆಗೆ ಹೋಯಿತು. 2023ರಲ್ಲಿ 65 ಗೆಲುವು ಮತ್ತು 135 ಅಂಕಗಳೊಂದಿಗೆ ಲೀಗಿನ ದಾಖಲೆಯನ್ನೇ ಬರೆದ ಬಾಸ್ಟನ್ ಬ್ರೂಯಿನ್ಸ್, ಫ್ಲೋರಿಡಾ ಪ್ಯಾಂಥರ್ಸ್ ವಿರುದ್ಧ 3-1ರಿಂದ ಮುಂದಿದ್ದರೂ ಏಳನೆಯ ಪಂದ್ಯದಲ್ಲಿ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. 2024ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಫೈನಲ್ ತಲುಪಲಿಲ್ಲ. 2025ರಲ್ಲಿ ವಿನ್ನಿಪೆಗ್ ಜೆಟ್ಸ್ ಎರಡನೆಯ ಸುತ್ತು ದಾಟಲಿಲ್ಲ.

ಅಗ್ರಸ್ಥಾನಕ್ಕೆ ಸಿಗುವ ಪ್ರತಿಫಲವಾದರೂ ಏನು? ಸರಣಿಯ ಏಳು ಪಂದ್ಯಗಳಲ್ಲಿ ನಾಲ್ಕು ತವರಿನಲ್ಲಿ ನಡೆಯುತ್ತವೆ, ಅಷ್ಟೇ. ಕಳೆದ ಬಾರಿ ಫ್ಲೋರಿಡಾ ನಾಲ್ಕೂ ಸರಣಿಗಳನ್ನು ಎದುರಾಳಿಯ ಅಂಗಳದಲ್ಲೇ ಆರಂಭಿಸಿ, ಕಪ್ ಗೆಲ್ಲಲು ಬೇಕಾದ 16 ಗೆಲುವುಗಳಲ್ಲಿ 10ನ್ನು ಹೊರ ಊರುಗಳಲ್ಲೇ ಸಂಪಾದಿಸಿತು ಎಂದ ಮೇಲೆ ಆ ಪ್ರತಿಫಲಕ್ಕೂ ಬೆಲೆ ಉಳಿಯಲಿಲ್ಲ. ನಮ್ಮ ಐಪಿಎಲ್ ಪದ್ಧತಿಯನ್ನೇ ತೆಗೆದುಕೊಳ್ಳಿ. ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಎತ್ತಿದಾಗ ಫೈನಲ್‌ನಲ್ಲಿ ಎದುರಿದ್ದ ಪಂಜಾಬ್ ಕಿಂಗ್ಸ್ ಮೊದಲ ಕ್ವಾಲಿಫೈಯರ್‌ನಲ್ಲಿ ಅದೇ ಆರ್‌ಸಿಬಿಗೆ ಸೋತಿತ್ತು. ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದಿದ್ದ ಕಾರಣಕ್ಕೆ ಅದಕ್ಕೆ ಇನ್ನೊಂದು ಅವಕಾಶ ದೊರೆಯಿತು. ಐಸ್ ಹಾಕಿಯಲ್ಲಿ ಅಂಥ ಎರಡನೆಯ ಅವಕಾಶವನ್ನು ಏಕೆ ಕೊಡಬಾರದು? ಅಥವಾ ಪ್ಲೇಆಫ್ ಎಂಬುದು ಒಳ್ಳೆಯ ತಂಡವನ್ನು ಹುಡುಕುವ ಬದಲು, ಏಪ್ರಿಲ್‌ನಲ್ಲಿ ಯಾವ ಗೋಲ್‌ಕೀಪರ್‌ನ ಗ್ರಹಗತಿ ಚೆನ್ನಾಗಿದೆ ಎಂದು ನೋಡುವ ವ್ಯವಸ್ಥೆಯೇ? ತಿಳಿದವರು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.


ಲೆಕ್ಕದ ಮೇಷ್ಟ್ರು (ಮಂಡ್ಯ):

ತಾವು ಕೊಟ್ಟ ಉದಾಹರಣೆಗಳೆಲ್ಲವೂ ನಿಜ. ಆದರೆ ಅವುಗಳಿಂದ ‘ಅನ್ಯಾಯ’ ಎಂಬ ತೀರ್ಮಾನಕ್ಕೆ ಹೋಗುವ ಮೊದಲು, ಈ ಆಟದಲ್ಲಿ ಒಳ್ಳೆಯ ತಂಡ ಎಂದರೆ ಎಷ್ಟು ಒಳ್ಳೆಯದು ಎಂಬುದನ್ನು ನೋಡಬೇಕಾಗುತ್ತದೆ.

ಎದುರಾಳಿಗಿಂತ ಸ್ಪಷ್ಟವಾಗಿ ಮೇಲಾದ ಒಂದು ತಂಡವಿದೆ ಎಂದಿಟ್ಟುಕೊಳ್ಳೋಣ. ಅದು ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಶೇ. 55 ಇರಲಿ. ಪ್ಲೇಆಫ್ ತಲುಪಿದ ಎರಡು ತಂಡಗಳ ನಡುವೆ ಇದು ಸಣ್ಣ ಅಂತರವೇನಲ್ಲ. ಆ ತಂಡವು ನಾಲ್ಕು ಗೆಲುವಿನ ಸರಣಿಯನ್ನು ತನ್ನದಾಗಿಸಿಕೊಳ್ಳುವ ಸಾಧ್ಯತೆ ಸುಮಾರು ಶೇ. 61 ಮಾತ್ರ. ಕಪ್ ಬೇಕೆಂದರೆ ಅಂಥ ನಾಲ್ಕು ಸರಣಿಗಳನ್ನು ಒಂದರ ಹಿಂದೊಂದು ಗೆಲ್ಲಬೇಕು. 0.61ನ್ನು ನಾಲ್ಕು ಸಲ ಗುಣಿಸಿ ನೋಡಿ, ಶೇ. 14ರ ಆಸುಪಾಸಿಗೆ ಬಂದು ನಿಲ್ಲುತ್ತೀರಿ. ಪ್ರತಿ ಪಂದ್ಯದ ಸಾಧ್ಯತೆಯನ್ನು ಶೇ. 60ಕ್ಕೆ ಏರಿಸಿ, ಅಂದರೆ ಎದುರಿಗೆ ಬಂದ ಪ್ರತಿಯೊಬ್ಬರ ಮೇಲೂ ರಾಜ್ಯಭಾರ ಮಾಡುವ ತಂಡವೊಂದನ್ನು ಕಲ್ಪಿಸಿಕೊಂಡರೂ, ಸರಣಿ ಗೆಲ್ಲುವ ಸಾಧ್ಯತೆ ಶೇ. 71, ಕಪ್ ಗೆಲ್ಲುವ ಸಾಧ್ಯತೆ ಶೇ. 25. ಎಂದರೆ ಅಂಥ ಬಲಾಢ್ಯ ತಂಡವೂ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಬರಿಗೈಯಲ್ಲಿ ಹಿಂದಿರುಗುವುದೇ ಸಹಜ. 2013ರ ನಂತರ ಅಗ್ರಸ್ಥಾನದ ತಂಡ ಕಪ್ ಗೆಲ್ಲದೇ ಇರುವುದು ಶಾಪವೇನಲ್ಲ. ಈ ಲೆಕ್ಕವನ್ನು ಮುಂದಿಟ್ಟುಕೊಂಡರೆ ಅದು ಅಷ್ಟೊಂದು ಆಶ್ಚರ್ಯಪಡುವ ಸಂಗತಿಯೂ ಅಲ್ಲ.

ಸರಣಿಯನ್ನೇ ಉದ್ದ ಮಾಡೋಣ ಎನ್ನುವಿರಾದರೆ ಅದರಿಂದಲೂ ಹೆಚ್ಚು ದಕ್ಕುವುದಿಲ್ಲ. ಏಳರ ಬದಲು ಹದಿನೈದು ಪಂದ್ಯಗಳ ಸರಣಿ ಇಟ್ಟರೂ ಶೇ. 55ರ ತಂಡಕ್ಕೆ ಸರಣಿ ಒಲಿಯುವ ಸಾಧ್ಯತೆ ಶೇ. 65ರಷ್ಟಕ್ಕೆ ಏರುತ್ತದೆ, ಅಷ್ಟೆ. ನಾಲ್ಕು ಶೇಕಡಾ ಅಂಶಕ್ಕಾಗಿ ಆಟಗಾರರ ಮೂಳೆ ಮುರಿಸಿ ಆಗಸ್ಟ್‌ವರೆಗೂ ಆಡಿಸಬೇಕಾದೀತು.

ಈ ಆಟದ ಸ್ವಭಾವವೇ ಹಾಗಿದೆ. ಅರವತ್ತು ನಿಮಿಷಗಳಲ್ಲಿ ಎರಡೂ ತಂಡಗಳು ಸೇರಿ ಹೊಡೆಯುವ ಗೋಲುಗಳು ಸರಾಸರಿ ಆರರ ಆಸುಪಾಸು. ಆ ಆರರಲ್ಲಿ ಒಂದು, ಯಾರದೋ ಸ್ಕೇಟ್‌ಗೆ ತಗುಲಿ ದಿಕ್ಕು ಬದಲಿಸಿದ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಆಗಿರುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದೇ ಪಂದ್ಯದೊಳಗೆ ನೂರಾರು ಅಂಕಗಳು ಬೀಳುವುದರಿಂದ ಬಲಾಬಲದ ವ್ಯತ್ಯಾಸ ಬಯಲಿಗೆ ಬರಲು ಸಾಕಷ್ಟು ಅವಕಾಶವಿರುತ್ತದೆ, ಇಲ್ಲಿ ಅದಿಲ್ಲ. ಆರ್‌ಸಿಬಿ-ಪಂಜಾಬ್ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ ಎಂಬುದೂ ಇದೇ ಕಾರಣಕ್ಕೆ. ಐಪಿಎಲ್‌ನಲ್ಲಿ ಪ್ಲೇಆಫ್ ಎಂದರೆ ಒಂದೊಂದೇ ಪಂದ್ಯ. ಒಂದು ಸಂಜೆ ಟಾಸ್ ಸೋತು ಇಬ್ಬನಿಯಲ್ಲಿ ಬೌಲ್ ಮಾಡಬೇಕಾಗಿ ಬಂದರೆ ಋತುವೇ ಮುಗಿದುಹೋಗುತ್ತದೆ ಎಂಬ ಭಯಕ್ಕಾಗಿಯೇ ಅಲ್ಲಿ ಎರಡನೆಯ ಅವಕಾಶ ಬೇಕಾಯಿತು. ಇಲ್ಲಿ ಪ್ರತಿ ಸರಣಿಯ ಒಳಗೇ ಮೂರು ಸೋಲುಗಳನ್ನು ನುಂಗಿಕೊಳ್ಳುವಷ್ಟು ಜಾಗವಿದೆ. ಬಾಸ್ಟನ್‌ಗೂ ಆ ಜಾಗವಿತ್ತು. ಅದನ್ನೆಲ್ಲ ಬಳಸಿಕೊಂಡ ಮೇಲೂ ಅದು ಸೋತಿತು.


ಟೊರಾಂಟೊ ಅಮ್ಮ (ಕುವೆಂಪುನಗರ, ಮೈಸೂರು):

ಮೇಷ್ಟ್ರೇ, ತಮ್ಮ ಲೆಕ್ಕವನ್ನು ಅಲ್ಲಗಳೆಯುವಷ್ಟು ಗಣಿತ ನನಗೆ ಬಾರದು. ಮಗಳು ಟೊರಾಂಟೊದಲ್ಲಿ ನೆಲೆಸಿದ ಮೇಲೆ ಮೇಪಲ್ ಲೀಫ್ಸ್ ತಂಡ ನಮ್ಮ ಮನೆಗೂ ಅಂಟಿಕೊಂಡಿತು. ಆ ತಂಡ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ, ಕೊನೆಯ ಬಾರಿಗೆ. ಅದನ್ನು ಬಿಡೋಣ. ಸರಣಿ 3-3ಕ್ಕೆ ಬಂದು ನಿಂತ ಏಳನೆಯ ಪಂದ್ಯಗಳನ್ನು ಮಾತ್ರ ನೋಡಿ: 2013, 2018, 2019ರಲ್ಲಿ ಬಾಸ್ಟನ್ ಎದುರು, 2021ರಲ್ಲಿ ಮಾಂಟ್ರಿಯಲ್ ಎದುರು, 2022ರಲ್ಲಿ ಟ್ಯಾಂಪಾ ಎದುರು, 2024ರಲ್ಲಿ ಮತ್ತೆ ಬಾಸ್ಟನ್ ಎದುರು, 2025ರಲ್ಲಿ ಫ್ಲೋರಿಡಾ ಎದುರು ತವರಿನಲ್ಲೇ 1-6ರಿಂದ. ಏಳಕ್ಕೆ ಏಳೂ ಸೋಲು. 2013ರಲ್ಲಂತೂ ಮೂರನೆಯ, ಅಂದರೆ ಕೊನೆಯ ಅವಧಿಯಲ್ಲಿ 4-1ರಿಂದ ಮುಂದಿದ್ದು ಓವರ್‌ಟೈಮ್‌ನಲ್ಲಿ ಸೋತರು.

ಎಲ್ಲವೂ ಸಾಧ್ಯತೆಯ ಆಟವೇ ಆಗಿದ್ದರೆ, ನಾಣ್ಯ ಏಳು ಸಲ ಮೇಲಕ್ಕೆಸೆದಾಗ ಒಮ್ಮೆಯಾದರೂ ನಮ್ಮ ಕಡೆಗೆ ಬೀಳಬೇಡವೇ? ಅದಕ್ಕೆ ಎದೆಗಾರಿಕೆ ಬೇಕು ಎಂದು ಮಗಳ ಅತ್ತೆ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.


ಲೆಕ್ಕದ ಮೇಷ್ಟ್ರು (ಮಂಡ್ಯ):

ತಾಯಿ, ನಾಣ್ಯ ಏಳು ಸಲವೂ ತಮ್ಮ ವಿರುದ್ಧವೇ ಬೀಳುವ ಸಾಧ್ಯತೆ 128ರಲ್ಲಿ ಒಂದು. ಒಬ್ಬರ ಮನೆಗೆ ಅದು ದೊಡ್ಡ ದುರದೃಷ್ಟವೇ ಸರಿ. ಆದರೆ ಲೀಗಿನಲ್ಲಿ 32 ತಂಡಗಳಿವೆ, ದಶಕಗಳ ಇತಿಹಾಸವಿದೆ. ಇಷ್ಟು ಜನ ಇಷ್ಟು ವರ್ಷ ನಾಣ್ಯ ಎಸೆಯುತ್ತಾ ಹೋದರೆ ಯಾರಾದರೊಬ್ಬರಿಗೆ ಹೀಗಾಗಲೇಬೇಕು. ಅದು ಟೊರಾಂಟೊಗೇ ಆಯಿತು ಎಂಬುದು ತಮ್ಮ ಸಂಕಟ. ಆ ಊರಿನ ಪತ್ರಿಕೆಗಳಿಗಂತೂ ಅದು ವರ್ಷವಿಡೀ ಬರೆಯುವ ವಸ್ತು.


ಹಳೆಯ ಗೋಲ್‌ಕೀಪರ್ (ಜಯಲಕ್ಷ್ಮೀಪುರಂ, ಮೈಸೂರು):

ಕಾಲೇಜು ದಿನಗಳಲ್ಲಿ ನಮ್ಮ ಹಾಕಿಯಲ್ಲಿ, ಅಂದರೆ ನೆಲದ ಮೇಲಿನ ಹಾಕಿಯಲ್ಲಿ, ಗೋಲು ಕಾಯುತ್ತಿದ್ದವನು ನಾನು. ಕೊಡಗಿನ ಹುಡುಗರ ಹೊಡೆತಗಳನ್ನು ಮೈಮೇಲೆ ತೆಗೆದುಕೊಂಡವನು ಎಂಬ ಅಧಿಕಾರದಿಂದ, ಪ್ರಶ್ನೆ ಕೇಳಿದವರ ‘ಗ್ರಹಗತಿ’ಯನ್ನೂ ಮೇಷ್ಟ್ರ ‘ನಾಣ್ಯ’ವನ್ನೂ ಒಟ್ಟಿಗೇ ತಳ್ಳಿಹಾಕಬೇಕೆನಿಸುತ್ತಿದೆ.

ಅಗ್ರಸ್ಥಾನದ ತಂಡಗಳು ಮೊದಲ ಸುತ್ತಿನಲ್ಲೇ ಬಿದ್ದ ಎರಡು ಅತಿ ದೊಡ್ಡ ಉದಾಹರಣೆಗಳನ್ನು ಅವರು ಕೊಟ್ಟಿದ್ದಾರೆ: 2019ರ ಟ್ಯಾಂಪಾ ಮತ್ತು 2023ರ ಬಾಸ್ಟನ್. 2019ರಲ್ಲಿ ಕೊಲಂಬಸ್‌ನ ಗೋಲಿನ ಮುಂದೆ ನಿಂತಿದ್ದವರು ಯಾರು? ಸೆರ್ಗೈ ಬೊಬ್ರೊವ್‌ಸ್ಕಿ. 2023ರಲ್ಲಿ ಫ್ಲೋರಿಡಾ ಸರಣಿಯನ್ನು ಬೇರೊಬ್ಬ ಗೋಲ್‌ಕೀಪರ್‌ನೊಂದಿಗೆ ಆರಂಭಿಸಿ, ನಡುವೆ ಬದಲಾಯಿಸಿ, ಕೊನೆಯ ಮೂರು ಪಂದ್ಯಗಳನ್ನು ಸಾಲಾಗಿ ಗೆದ್ದಾಗ ಗೋಲಿನಲ್ಲಿದ್ದವರು ಯಾರು? ಅದೇ ಬೊಬ್ರೊವ್‌ಸ್ಕಿ. 2024 ಮತ್ತು 2025ರಲ್ಲಿ ಫ್ಲೋರಿಡಾ ಸತತವಾಗಿ ಎರಡು ಕಪ್ ಗೆದ್ದಾಗಲೂ ಅವರೇ. ನಾಲ್ಕು ಕಡೆ ಒಂದೇ ಹೆಸರು ಬರುವಾಗ ಅದನ್ನು ನಾಣ್ಯದ ಲೆಕ್ಕಕ್ಕೆ ಬಿಡುವುದು ಗೋಲ್‌ಕೀಪರ್‌ಗಳಿಗೆ ಮಾಡುವ ಅವಮಾನ.

ಮೇಷ್ಟ್ರ ಭಾಷೆಯಲ್ಲೇ ಹೇಳಬೇಕೆಂದರೆ, ಒಂದು ಪಂದ್ಯದಲ್ಲಿ ಗೋಲಿನತ್ತ 30 ಹೊಡೆತಗಳು ಬರುತ್ತವೆ ಎಂದುಕೊಳ್ಳಿ. ನೂರಕ್ಕೆ 90ನ್ನು ತಡೆಯುವವನು ಮೂರು ಗೋಲು ಬಿಡುತ್ತಾನೆ. 93ನ್ನು ತಡೆಯುವವನು ಎರಡು ಬಿಡುತ್ತಾನೆ. ಪಂದ್ಯಕ್ಕೆ ಒಂದು ಗೋಲಿನ ವ್ಯತ್ಯಾಸ. ಆರು ಗೋಲುಗಳ ಆಟದಲ್ಲಿ ಒಂದು ಗೋಲು ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಪ್ರಭಾವ ಬೀರುವ ಇನ್ನೊಬ್ಬ ಆಟಗಾರ ಆ ಮಂಜುಗಡ್ಡೆಯ ಮೇಲಿಲ್ಲ. ಎಡ್ಮಂಟನ್ ತಂಡದ ತಾರೆ ಕಾನರ್ ಮೆಕ್‌ಡೇವಿಡ್ ಕೂಡ ಪಂದ್ಯವೊಂದರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ಅಂಗಳದಲ್ಲಿರುತ್ತಾರೆ, ಗೋಲ್‌ಕೀಪರ್ ಪೂರ್ತಿ ಅರವತ್ತು ನಿಮಿಷ ಇರುತ್ತಾನೆ. 2024ರ ಫೈನಲ್‌ನಲ್ಲಿ ಎಡ್ಮಂಟನ್ ಫ್ಲೋರಿಡಾಗೆ ಸೋತರೂ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಮೀಸಲಾದ ಕಾನ್ ಸ್ಮೈತ್ ಟ್ರೋಫಿ ಮೆಕ್‌ಡೇವಿಡ್ ಅವರಿಗೇ ಹೋಯಿತು, ಗೋಲು ಮತ್ತು ಗೋಲಿಗೆ ನೀಡಿದ ನೆರವು ಸೇರಿ ಅವರ 42 ಅಂಕಗಳು ಅಂಥವು; ಆದರೂ ಏಳನೆಯ ಪಂದ್ಯದಲ್ಲಿ ಬೊಬ್ರೊವ್‌ಸ್ಕಿ ಒಂದೇ ಗೋಲು ಬಿಟ್ಟರು, ಫ್ಲೋರಿಡಾ 2-1ರಿಂದ ಕಪ್ ಎತ್ತಿತು. ಅದೇ ಸರಣಿಯ ನಾಲ್ಕನೆಯ ಪಂದ್ಯದಲ್ಲಿ ಐದು ಗೋಲು ಬಿಟ್ಟು ಅರ್ಧದಲ್ಲೇ ಹೊರಗೆ ಕರೆಸಿಕೊಂಡಿದ್ದವರೂ ಇವರೇ ಎಂಬುದನ್ನು ಮರೆಯಬಾರದು. 3-0ಯಿಂದ ಮುಂದಿದ್ದ ತಂಡ 3-3ಕ್ಕೆ ಇಳಿದ ಮೇಲೆ ಮತ್ತೆ ಅದೇ ಗೋಲಿನ ಮುಂದೆ ಹೋಗಿ ನಿಲ್ಲುವುದಕ್ಕೆ ಟೊರಾಂಟೊ ಅಮ್ಮನವರು ಹೇಳಿದ ಎದೆಗಾರಿಕೆ ಬೇಕು. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಎತ್ತಿಲ್ಲ. ಲೀಗ್ ಹಂತದಲ್ಲಿ ಇಂದು ಒಂದು ಊರು, ನಾಡಿದ್ದು ಇನ್ನೊಂದು. ಎದುರಾಳಿಯ ಅಭ್ಯಾಸಗಳನ್ನು ಕೂತು ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಪ್ಲೇಆಫ್‌ನಲ್ಲಿ ಎರಡು ವಾರ ಅದೇ ತಂಡ, ಅದೇ ಮುಖಗಳು. ದಸರಾ ಕುಸ್ತಿಯಲ್ಲಿ ಒಂದೇ ಜೋಡಿಯನ್ನು ಏಳು ದಿನ ಸಾಲಾಗಿ ಅಖಾಡಕ್ಕೆ ಇಳಿಸಿದರೆ ಮೂರನೆಯ ದಿನದ ಹೊತ್ತಿಗೆ ಒಬ್ಬನ ಪಟ್ಟುಗಳೆಲ್ಲ ಇನ್ನೊಬ್ಬನಿಗೆ ಬಾಯಿಪಾಠವಾಗಿರುತ್ತವೆ, ಇಲ್ಲಿಯೂ ಹಾಗೆಯೇ. 2025ರಲ್ಲಿ ವಿನ್ನಿಪೆಗ್‌ನ ಕಾನರ್ ಹೆಲೆಬಕ್ ಲೀಗಿನ ಅತ್ಯುತ್ತಮ ಗೋಲ್‌ಕೀಪರ್ ಎಂಬ ಗೌರವವನ್ನಷ್ಟೇ ಅಲ್ಲ, ಲೀಗ್ ಹಂತದ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನೂ ಪಡೆದರು. ಸೇಂಟ್ ಲೂಯಿಸ್ ತಂಡ ಅವರ ಕಣ್ಣೆದುರು ಆಟಗಾರರನ್ನು ಗುಂಪುಗಟ್ಟಿ ನಿಲ್ಲಿಸಿ, ಪಕ್ ಎಲ್ಲಿಂದ ಹೊರಟಿತೆಂಬುದೇ ಕಾಣದಂತೆ ಮಾಡಿ, ತನ್ನ ಅಂಗಳದಲ್ಲಿ ನಡೆದ ಮೂರು ಪಂದ್ಯಗಳಲ್ಲೂ ಅವರನ್ನು ಅರ್ಧಕ್ಕೇ ಹೊರಗೆ ಕೂರಿಸುವಂತೆ ಮಾಡಿತು. ಅದರಲ್ಲಿ ಅದೃಷ್ಟದ ಪಾತ್ರ ಸ್ವಲ್ಪ, ಪಾಠ ಓದಿಕೊಂಡು ಬಂದದ್ದರ ಪಾತ್ರ ಬಹಳ. 82 ಪಂದ್ಯಗಳ ಪಟ್ಟಿ ಈ ಎರಡನೆಯದನ್ನು ಅಳೆಯುವುದೇ ಇಲ್ಲ.


ನೀಲಿಗೆರೆ (ಸರಸ್ವತಿಪುರಂ, ಮೈಸೂರು):

ಇಷ್ಟು ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. ಆದರೂ ನನ್ನ ಪಟ್ಟು ಸಡಿಲವಾಗಿಲ್ಲ. ಮೇಷ್ಟ್ರು ಹೇಳುವಂತೆ ಇದು ಸಾಧ್ಯತೆಯ ಆಟವಾಗಿದ್ದರೆ, ಹೆಚ್ಚು ಪಂದ್ಯಗಳನ್ನಾಡಿ ಬಂದ ಫಲಿತಾಂಶವೇ ಹೆಚ್ಚು ನಂಬಿಕೆಗೆ ಅರ್ಹ; ಎಂದರೆ 82 ಪಂದ್ಯಗಳ ಪಟ್ಟಿಗೇ ಹೆಚ್ಚಿನ ತೂಕ ಸಲ್ಲಬೇಕು. ಹಳೆಯ ಗೋಲ್‌ಕೀಪರ್ ಅವರು ಹೇಳುವಂತೆ ಪ್ಲೇಆಫ್ ಬೇರೆಯದೇ ಪರೀಕ್ಷೆಯಾಗಿದ್ದರೆ, ಆ ಪರೀಕ್ಷೆಗೆ ಸಂಬಂಧವೇ ಇಲ್ಲದ ಆರು ತಿಂಗಳ ತರಗತಿ ಏಕೆ? ಹೆಲೆಬಕ್ ಅವರ ವಿಷಯದಲ್ಲೂ ಒಂದು ಮಾತು: ಅದೇ ಸರಣಿಯಲ್ಲಿ ತವರಿನ ನಾಲ್ಕೂ ಪಂದ್ಯಗಳನ್ನು ವಿನ್ನಿಪೆಗ್ ಗೆದ್ದಿತು, ಏಳನೆಯ ಪಂದ್ಯದಲ್ಲಿ ಇನ್ನು ಎರಡು ಸೆಕೆಂಡು ಕೂಡ ಉಳಿದಿರದಾಗ ಸಮಬಲ ಸಾಧಿಸಿ, ಎರಡನೆಯ ಓವರ್‌ಟೈಮ್‌ನಲ್ಲಿ ಗೆದ್ದು ಮುಂದೆ ಹೋಯಿತು. ತವರಿನ ನಾಲ್ಕು ಪಂದ್ಯಗಳ ಬೆಲೆ ಅಲ್ಲಾದರೂ ಕಂಡಿತಲ್ಲ ಎಂದು ಯಾರಾದರೂ ನನ್ನ ಮಾತನ್ನೇ ನನಗೆ ತಿರುಗಿಸಬಹುದು, ತಿರುಗಿಸಲಿ. ಪೂರ್ಣ ಋತುವಿನ ದುಡಿಮೆಗೆ ಅದು ಸಾಲದು ಎಂಬುದೇ ನನ್ನ ವಾದ.


ಪಾಂಡವಪುರದವನು (ಮಂಡ್ಯ ಜಿಲ್ಲೆ):

ಚರ್ಚೆಯನ್ನು ಮೊದಲಿನಿಂದ ಓದುತ್ತಾ ಬಂದೆ. ತಮ್ಮೆಲ್ಲರ ವಾದಗಳ ಅಡಿಯಲ್ಲಿ ಒಂದು ನಂಬಿಕೆ ಕುಳಿತಿದೆ: ಏಪ್ರಿಲ್‌ನ ಅಂಕಪಟ್ಟಿಯು ಏಪ್ರಿಲ್‌ನ ತಂಡದ ಬಲವನ್ನು ಹೇಳುತ್ತದೆ ಎಂಬುದು. ನನ್ನ ತಕರಾರು ಅದರ ಮೇಲೆಯೇ.

2019ರ ಸೇಂಟ್ ಲೂಯಿಸ್ ಬ್ಲೂಸ್ ತಂಡವನ್ನು ನೆನಪಿಸಿಕೊಳ್ಳಿ. ಆ ವರ್ಷದ ಜನವರಿ ಆರಂಭದಲ್ಲಿ ಅದು ಇಡೀ ಲೀಗಿನ ಪಟ್ಟಿಯ ಅಡಿಯಲ್ಲಿತ್ತು. ನವೆಂಬರ್‌ನಲ್ಲಿ ತರಬೇತುದಾರರನ್ನು ಬದಲಾಯಿಸಿ ಕ್ರೇಗ್ ಬೆರೂಬೆ ಅವರಿಗೆ ಹೊಣೆ ವಹಿಸಿದ್ದರು; ಜನವರಿಯಲ್ಲಿ ಜೋರ್ಡನ್ ಬಿನ್ನಿಂಗ್ಟನ್ ಎಂಬ ಹೊಸ ಗೋಲ್‌ಕೀಪರ್‌ಗೆ ಅವಕಾಶ ಕೊಟ್ಟರು. ಜೂನ್‌ನಲ್ಲಿ ಕಪ್ ಅವರ ಕೈಯಲ್ಲಿತ್ತು. 2012ರ ಲಾಸ್ ಏಂಜಲೀಸ್ ಕಿಂಗ್ಸ್ ತನ್ನ ಕಾನ್ಫರೆನ್ಸ್‌ನ (ಲೀಗಿನ ಪೂರ್ವ, ಪಶ್ಚಿಮ ಎಂಬ ಎರಡು ಭಾಗಗಳಲ್ಲಿ ಒಂದು) ಎಂಟನೆಯ ತಂಡವಾಗಿ ಪ್ಲೇಆಫ್ ಪ್ರವೇಶಿಸಿ ಕಪ್ ಗೆದ್ದಿತು. ಆದರೆ ಡಿಸೆಂಬರ್‌ನಲ್ಲಿ ಬಂದ ತರಬೇತುದಾರ ಡ್ಯಾರಿಲ್ ಸಟ್ಟರ್ ಮತ್ತು ಫೆಬ್ರುವರಿಯಲ್ಲಿ ಬಂದ ಜೆಫ್ ಕಾರ್ಟರ್ ಇಬ್ಬರೂ ಅಕ್ಟೋಬರ್‌ನ ಪಂದ್ಯಗಳಲ್ಲಿ ಇರಲಿಲ್ಲ. ಫ್ಲೋರಿಡಾ 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಿಂದ ಬ್ರ್ಯಾಡ್ ಮಾರ್ಶಾಂಡ್ ಅವರನ್ನೂ ಶಿಕಾಗೊದಿಂದ ಸೆತ್ ಜೋನ್ಸ್ ಅವರನ್ನೂ ಕರೆತಂದಿತು. ಮಾರ್ಶಾಂಡ್ ಫೈನಲ್‌ನ ಆರು ಪಂದ್ಯಗಳಲ್ಲಿ ಆರು ಗೋಲು ಹೊಡೆದರು. ಅದೇ ಋತುವಿನ ಲೀಗ್ ಹಂತದಲ್ಲಿ ತಂಡ ಗಳಿಸಿದ 98 ಅಂಕಗಳಲ್ಲಿ ಅವರ ಪಾಲು ಇಲ್ಲವೆಂದೇ ಹೇಳಬಹುದು. ಅಂಕಪಟ್ಟಿ ಎಂಬುದು ಆರು ತಿಂಗಳಲ್ಲಿ ಆ ಅಂಗಿ ತೊಟ್ಟವರೆಲ್ಲರ ಸರಾಸರಿ. ಪ್ಲೇಆಫ್ ಆಡುವವರು ಕೊನೆಯಲ್ಲಿ ಉಳಿದವರು.

ಅಂಕಪಟ್ಟಿಯನ್ನು ಕಟ್ಟುವ ರೀತಿಯಲ್ಲೂ ಒಂದು ಕೊರತೆಯಿದೆ. ಲೀಗ್ ಹಂತದಲ್ಲಿ ಅರವತ್ತು ನಿಮಿಷ ಸಮಬಲವಾದರೆ ಮೂವರ ವಿರುದ್ಧ ಮೂವರು ಐದು ನಿಮಿಷ ಆಡುತ್ತಾರೆ, ಆಮೇಲೂ ತೀರ್ಮಾನವಾಗದಿದ್ದರೆ ಶೂಟೌಟ್, ಅಂದರೆ ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಹೊಡೆಯುವುದು. ಅಲ್ಲಿ ಸೋತವರಿಗೂ ಒಂದು ಅಂಕ ಸಿಗುತ್ತದೆ. ಪ್ಲೇಆಫ್‌ನಲ್ಲಿ ಇವ್ಯಾವುವೂ ಇಲ್ಲ: ಐವರ ವಿರುದ್ಧ ಐವರು, ಇಪ್ಪತ್ತಿಪ್ಪತ್ತು ನಿಮಿಷಗಳ ಅವಧಿಗಳು, ಗೋಲು ಬೀಳುವವರೆಗೂ ಆಟ. 1936ರಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವಿನ ಪಂದ್ಯ ಹೀಗೆಯೇ ಆರನೆಯ ಓವರ್‌ಟೈಮ್‌ವರೆಗೆ ಎಳೆದು 1-0ಯಿಂದ ಮುಗಿಯಿತು. ಮೂವರ ಆಟದಲ್ಲಿ ಮತ್ತು ಶೂಟೌಟ್‌ನಲ್ಲಿ ಗಳಿಸಿದ ಅಂಕಗಳಿಂದ ಮೇಲೇರಿದ ತಂಡಕ್ಕೆ, ಅವೆರಡೂ ಇಲ್ಲದ ಪಂದ್ಯಾವಳಿಯಲ್ಲಿ ವಿಶೇಷ ಅವಕಾಶ ಕೊಡಬೇಕೆಂದು ನಾವೇಕೆ ಒತ್ತಾಯಿಸಬೇಕು?

ಅನ್ಯಾಯವನ್ನೇ ಹುಡುಕುವುದಾದರೆ ನನ್ನ ಬೆರಳು ಸಂಬಳದ ಮಿತಿಯ ಕಡೆಗೆ ಹೋಗುತ್ತದೆ. 2005ರಿಂದ ಪ್ರತಿ ತಂಡವೂ ಆಟಗಾರರ ವೇತನಕ್ಕೆ ಒಂದು ಮಿತಿಯೊಳಗೆ ಖರ್ಚು ಮಾಡಬೇಕೆಂಬ ನಿಯಮವಿದೆ. ಆದರೆ ಅದು ಲೀಗ್ ಹಂತ ಮುಗಿಯುವವರೆಗೆ ಮಾತ್ರ ಅನ್ವಯವಾಗುತ್ತಿತ್ತು. ದೀರ್ಘಕಾಲದ ಗಾಯಾಳುಗಳ ಪಟ್ಟಿಗೆ ಒಬ್ಬ ತಾರಾ ಆಟಗಾರನನ್ನು ಸೇರಿಸಿ, ಅವನ ಸಂಬಳದಷ್ಟು ಜಾಗದಲ್ಲಿ ಬೇರೆಯವರನ್ನು ಕೊಂಡು, ಪ್ಲೇಆಫ್‌ನ ಮೊದಲ ದಿನ ಅವನನ್ನೂ ಕಣಕ್ಕಿಳಿಸಬಹುದಾಗಿತ್ತು. 2020-21ರಲ್ಲಿ ಟ್ಯಾಂಪಾದ ನಿಕಿತಾ ಕುಚೆರೊವ್ ಲೀಗ್ ಹಂತದ ಒಂದೂ ಪಂದ್ಯ ಆಡದೆ ಪ್ಲೇಆಫ್‌ಗೆ ಬಂದು 32 ಅಂಕ ಗಳಿಸಿ ಎಲ್ಲರಿಗಿಂತ ಮುಂದೆ ನಿಂತರು. ಮಿತಿಗಿಂತ 1.8 ಕೋಟಿ ಡಾಲರ್ ಹೆಚ್ಚು ಎಂದು ಬರೆದಿದ್ದ ಅಂಗಿಯನ್ನು ಗೆಲುವಿನ ಸಂಭ್ರಮದಲ್ಲಿ ಅವರೇ ತೊಟ್ಟಿದ್ದನ್ನು ನೋಡಿ ನಾನು ನಕ್ಕಿದ್ದೂ ಉಂಟು, ಸಿಟ್ಟಾದದ್ದೂ ಉಂಟು. ನಿಯಮವನ್ನು ಅವರು ಮುರಿದಿರಲಿಲ್ಲ, ನಿಯಮದಲ್ಲೇ ತೂತಿತ್ತು. 2025-26ರ ಋತುವಿನಿಂದ ಪ್ಲೇಆಫ್‌ನಲ್ಲಿಯೂ ಆಯಾ ಪಂದ್ಯಕ್ಕೆ ಇಳಿಯುವ ಆಟಗಾರರ ಒಟ್ಟು ವೇತನ ಮಿತಿಯೊಳಗಿರಬೇಕೆಂದು ನಿಯಮ ತಂದಿದ್ದಾರೆ. ಪಟ್ಟಿಯ ತುದಿಯಲ್ಲಿರುವವರಿಗೆ ಹೆಚ್ಚು ಅವಕಾಶ ಕೊಡುವುದಕ್ಕಿಂತ ಇಂಥ ತೂತುಗಳನ್ನು ಮುಚ್ಚುವುದರಿಂದಲೇ 82 ಪಂದ್ಯಗಳ ಮರ್ಯಾದೆ ಹೆಚ್ಚು ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.


ಟೊರಾಂಟೊ ಅಮ್ಮ (ಕುವೆಂಪುನಗರ, ಮೈಸೂರು):

ಹಾಗಾದರೆ ಹಿಂದೆ ಇದ್ದಂತೆ ಪ್ರತಿ ಕಾನ್ಫರೆನ್ಸ್‌ನಲ್ಲಿ ಒಂದರಿಂದ ಎಂಟರವರೆಗೆ ಸ್ಥಾನ ಕೊಟ್ಟು, ಒಂದಕ್ಕೆ ಎಂಟು, ಎರಡಕ್ಕೆ ಏಳು ಎಂದು ಜೋಡಿಸಿದರೆ ಒಳ್ಳೆಯದಲ್ಲವೇ? ಕಾನ್ಫರೆನ್ಸ್‌ನೊಳಗಿನ ಚಿಕ್ಕ ವಿಭಾಗಗಳ ಒಳಗೇ ಜೋಡಿ ಮಾಡುವ ಈಗಿನ ಕ್ರಮದಲ್ಲಿ 2022ರಿಂದ 2025ರವರೆಗೆ ನಾಲ್ಕೂ ವರ್ಷ ಮೊದಲ ಸುತ್ತಿನಲ್ಲಿ ಎಡ್ಮಂಟನ್‌ಗೆ ಲಾಸ್ ಏಂಜಲೀಸ್ ತಂಡವೇ ಎದುರಾಯಿತು. ನಾಲ್ಕೂ ಸಲ ಲಾಸ್ ಏಂಜಲೀಸ್ ಸೋತಿತು. ನೋಡುವ ನಮಗೇ ಬೇಸರ ಬಂದಿರುವಾಗ ಆಡುವವರ ಗತಿ ಏನಾಗಿರಬೇಡ. ನಮ್ಮ ಟೊರಾಂಟೊಗೂ ಅದರಿಂದ ಏನಾದರೂ ಉಪಕಾರವಾಗುತ್ತದೆಯೇ, ತಿಳಿಸಿ.


ಪಾಂಡವಪುರದವನು (ಮಂಡ್ಯ ಜಿಲ್ಲೆ):

ಅಮ್ಮಾ, ತಮ್ಮ ಸಲಹೆಯನ್ನು ನಾನು ಒಪ್ಪುತ್ತೇನೆ. 2013-14ರಲ್ಲಿ ಈಗಿನ ಕ್ರಮ ಬಂದಾಗ ಅಕ್ಕಪಕ್ಕದ ಊರುಗಳ ಹಗೆತನ ಬೆಳೆಯಲಿ ಎಂಬ ಉದ್ದೇಶವಿತ್ತು, ಅದು ನೆರವೇರಿಯೂ ಇದೆ; ಆದರೆ ಒಂದೇ ವಿಭಾಗದಲ್ಲಿ ಮೂರು ಬಲವಾದ ತಂಡಗಳಿದ್ದರೆ ಅವು ಬೇಗ ಬೇಗ ಒಂದನ್ನೊಂದು ತಿಂದು ಮುಗಿಸುತ್ತವೆ. ಕಳೆದ ಬಾರಿ 106 ಅಂಕಗಳ ಡಲ್ಲಾಸ್‌ಗೆ ಮೊದಲ ಸುತ್ತಿನಲ್ಲೇ 102 ಅಂಕಗಳ ಕೊಲರಾಡೊ ಎದುರಾಗಿ ಸರಣಿ ಏಳು ಪಂದ್ಯಗಳಿಗೆ ಹೋಯಿತು. ಅದೇ ಋತುವಿನ ನಡುವೆ ಕೊಲರಾಡೊ ಬಿಟ್ಟುಕೊಟ್ಟಿದ್ದ ಮಿಕೊ ರಾಂಟನೆನ್ ಕೊನೆಯ ಪಂದ್ಯದ ಮೂರನೆಯ ಅವಧಿಯಲ್ಲಿ ಮೂರು ಗೋಲು ಹೊಡೆದು ಹಳೆಯ ತಂಡವನ್ನು ಹೊರಗಟ್ಟಿದರು.

2025ರ ಅಂಕಗಳನ್ನೇ ಇಟ್ಟುಕೊಂಡು ಹಳೆಯ ಕ್ರಮದಲ್ಲಿ ಜೋಡಿ ಮಾಡಿ ನೋಡಿದೆ. ಪಶ್ಚಿಮದಲ್ಲಿ ಡಲ್ಲಾಸ್‌ಗೆ ಕೊಲರಾಡೊ ಬದಲು ಎಡ್ಮಂಟನ್, ಲಾಸ್ ಏಂಜಲೀಸ್‌ಗೆ ಎಡ್ಮಂಟನ್ ಬದಲು ಕೊಲರಾಡೊ ಸಿಗುತ್ತಿತ್ತು. ಪೂರ್ವದಲ್ಲಿ ತಮ್ಮ ಟೊರಾಂಟೊಗೆ ಒಟ್ಟಾವಾ ಬದಲು 91 ಅಂಕಗಳ ನ್ಯೂಜೆರ್ಸಿ. ಸ್ವಲ್ಪ ಹಗುರ ಎನ್ನಬಹುದು, ಆದರೆ ಒಟ್ಟಾವಾವನ್ನು ಅವರು ಹೇಗೂ ಗೆದ್ದರು. ಫ್ಲೋರಿಡಾಗೆ ಟ್ಯಾಂಪಾ ಬದಲು ಕೆರೊಲಿನಾ ಸಿಗುತ್ತಿತ್ತು; ಆ ಎರಡೂ ತಂಡಗಳನ್ನು ಫ್ಲೋರಿಡಾ ಐದೈದು ಪಂದ್ಯಗಳಲ್ಲಿ ಮುಗಿಸಿತ್ತು. ಇನ್ನು ಪ್ರಶ್ನೆ ಕೇಳಿದವರ ಅಗ್ರಸ್ಥಾನದ ತಂಡಗಳಿಗೆ ಏನೂ ಬದಲಾಗುತ್ತಿರಲಿಲ್ಲ: ವಾಷಿಂಗ್ಟನ್‌ಗೆ ಮಾಂಟ್ರಿಯಲ್, ವಿನ್ನಿಪೆಗ್‌ಗೆ ಅದೇ ಸೇಂಟ್ ಲೂಯಿಸ್.